ಸ್ಮರಣಾರ್ಥ ನಾಣ್ಯಕ್ಕೆ ಶಿಲ್ಪಿ ಬೇಕು: ಟಂಕಸಾಲೆಯವರಿಗೆ ಒಂದು ಬಹಿರಂಗ ಪತ್ರ

ಕೇಂದ್ರ ಹಣಕಾಸು ಸಚಿವಾಲಯದಲ್ಲಿ ನಾಣ್ಯದ ಉಸ್ತುವಾರಿ ನೋಡುವ ಅಧಿಕಾರಿಗಳಿಗೆ, ಮತ್ತು ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ ಟಂಕಸಾಲೆಗಳ ಮುಖ್ಯಸ್ಥರಿಗೆ

ಮಾನ್ಯರೇ,

ನಮಸ್ಕಾರ. ನೀವು ಹೊರಡಿಸುವ ಸ್ಮರಣಾರ್ಥ ನಾಣ್ಯಗಳನ್ನು ದುಡ್ಡು ಕೊಟ್ಟು ಕೊಳ್ಳುವ, ಕೊಂಡ ಮೇಲೆ ಗೊಣಗುವ, ಗೊಣಗಿಯೂ ಮುಂದಿನದಕ್ಕೆ ಕಾಯುವ ಜನರಲ್ಲಿ ನಾನೂ ಒಬ್ಬ. ಊರು ಸಾಗರ, ಶಿವಮೊಗ್ಗ ಜಿಲ್ಲೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಹಾಗಾಗಿ ನಾಣ್ಯ ಕೈಗೆ ಬಂದರೆ ಬೆಲೆಗಿಂತ ಮೊದಲು ಗೆರೆ ನೋಡುವ ಚಾಳಿ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಮ್ಮ ಪುರಾಣ ಮತ್ತು ಶಿಲ್ಪಗಳನ್ನೇ ವಸ್ತುವಾಗಿ ಇಟ್ಟುಕೊಂಡು ಒಂದು ನಾಣ್ಯಮಾಲೆ ತನ್ನಿ. ಅದರ ವಿನ್ಯಾಸವನ್ನು ಶಿಲ್ಪ ಕೆತ್ತುವವರ ಕೈಯಿಂದ ಮಾಡಿಸಿ. ಮಾಡಿದವರ ಗುರುತನ್ನು ನಾಣ್ಯದ ಮೇಲೇ ಹಾಕಿ. ಇಷ್ಟೇ ನನ್ನ ಬೇಡಿಕೆ. ಇದು ಯಾಕೆ ಬೇಕು, ಯಾಕೆ ಸಾಧ್ಯ ಎನ್ನುವುದಕ್ಕೆ ಉಳಿದ ಪತ್ರ.

2023ರಲ್ಲಿ ಹೊಸ ಸಂಸತ್ ಭವನದ ಹೆಸರಲ್ಲಿ ನೀವು 75 ರೂಪಾಯಿಯ ನಾಣ್ಯ ತಂದಿರಿ. 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕ, ಅರ್ಧ ಭಾಗ ಬೆಳ್ಳಿ. ಅಂಗೈಯಲ್ಲಿಟ್ಟರೆ ಗಟ್ಟಿ ತೂಕ. ಒಂದು ಬದಿ ಅಶೋಕ ಸಿಂಹ. ಇನ್ನೊಂದು ಬದಿ ಕಟ್ಟಡ, ಮೇಲೆ ಹಿಂದಿಯಲ್ಲಿ ಹೆಸರು, ಕೆಳಗೆ ಇಂಗ್ಲಿಷಿನಲ್ಲಿ ಹೆಸರು. ಕಟ್ಟಡದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಅಷ್ಟು ಅಗಲದ ಬೆಳ್ಳಿಯಲ್ಲಿ ಕಣ್ಣು ನಿಲ್ಲುವ ಜಾಗವೇ ನನಗೆ ಸಿಗಲಿಲ್ಲ.

ಈಗ ಇನ್ನೊಂದು ನಾಣ್ಯ. ವಿಜಯನಗರದ ಅಚ್ಯುತರಾಯನ ಅರ್ಧ ವರಹ. ಚಿನ್ನದ್ದು. ತೂಕ ಎರಡು ಗ್ರಾಂ ಕೂಡ ಇಲ್ಲ, ಅಗಲ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ನಾಣ್ಯಪ್ರದರ್ಶನವೊಂದರಲ್ಲಿ ಗಾಜಿನಾಚೆ ಇಟ್ಟಿದ್ದರು, ಭೂತಗನ್ನಡಿ ಹಿಡಿದು ನೋಡಿದೆ. ಅದರಲ್ಲಿ ಗಂಡಭೇರುಂಡ. ಎರಡು ತಲೆ ಎರಡು ದಿಕ್ಕಿಗೆ ತಿರುಗಿವೆ. ಕೊಕ್ಕುಗಳಲ್ಲಿ ಒಂದೊಂದು ಆನೆ, ಉಗುರುಗಳಲ್ಲಿ ಒಂದೊಂದು ಆನೆ. ಆನೆ ಎಂದರೆ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಆದರೂ ಅದು ಆನೆ ಅಂತ ಗೊತ್ತಾಗುತ್ತದೆ, ನೇತಾಡುತ್ತಿದೆ ಅಂತಲೂ ಗೊತ್ತಾಗುತ್ತದೆ. ರೆಕ್ಕೆ ಬಿಚ್ಚಿದ ಹಕ್ಕಿ ನಾಣ್ಯದ ಅಂಚಿನವರೆಗೂ ತುಂಬಿಕೊಂಡಿದೆ. ಹಿಂಬದಿಯಲ್ಲಿ ನಾಗರಿ ಲಿಪಿಯಲ್ಲಿ ರಾಜನ ಹೆಸರು, ಮೂರು ಸಾಲು. ಮುಗೀತು.

16ನೇ ಶತಮಾನದಲ್ಲಿ ಕೈಯಲ್ಲಿ ಅಚ್ಚು ಕೊರೆದು, ಸುತ್ತಿಗೆಯಲ್ಲಿ ಬಡಿದು ಮಾಡಿದ ಕೆಲಸ ಅದು. ನಿಮ್ಮ ಬಳಿ ಕಂಪ್ಯೂಟರ್ ಇದೆ, ಲೇಸರ್ ಇದೆ, ನೂರಾರು ಟನ್ ಒತ್ತುವ ಪ್ರೆಸ್ ಇದೆ. ಸಲಕರಣೆಗೆ ಕೊರತೆಯಿಲ್ಲ ಅಂದ ಮೇಲೆ ಕೊರತೆ ಎಲ್ಲಿದೆ? ಯಾರಿಂದ ಬಿಡಿಸುತ್ತೀರಿ, ಏನನ್ನು ಬಿಡಿಸಲು ಹೇಳುತ್ತೀರಿ ಎನ್ನುವಲ್ಲಿದೆ ಎಂದು ನನ್ನ ಅನಿಸಿಕೆ.

ನಾವು ಶುರು ಮಾಡಿದ್ದು ಚೆನ್ನಾಗಿಯೇ ಇತ್ತು. 1950ರಲ್ಲಿ ಗಣರಾಜ್ಯದ ಮೊದಲ ನಾಣ್ಯಗಳು ಬಂದಾಗ ಒಂದು ಪೈಸೆಯ ಮೇಲೆ ಓಡುವ ಕುದುರೆ ಇತ್ತು, ಆಣೆಗಳ ಮೇಲೆ ಗೂಳಿ ಇತ್ತು. ಎರಡನ್ನೂ ಸಾರನಾಥದ ಸ್ತಂಭದಿಂದಲೇ ತಂದದ್ದು. ಸಿಂಹಗಳ ಪಾದದ ಕೆಳಗಿನ ಪಟ್ಟಿಯಲ್ಲಿ ಅವು ಸಾಲಾಗಿ ಸಾಗುತ್ತವಲ್ಲ, ಅಲ್ಲಿಂದ. ಒಂದು ಬದಿ ಸಿಂಹ, ಇನ್ನೊಂದು ಬದಿ ಅದೇ ಶಿಲ್ಪದ ಕುದುರೆ. ಎಷ್ಟು ಹೊಂದಾಣಿಕೆ ನೋಡಿ. ಆಗ ಇದನ್ನು ಯೋಚಿಸಿದವರಿಗೆ ನನ್ನ ದೊಡ್ಡ ನಮಸ್ಕಾರ. ಆ ಆಣೆಗಳನ್ನು ಇವತ್ತೂ ಮಕ್ಕಳ ಕೈಗೆ ಕೊಟ್ಟರೆ ಪೆನ್ಸಿಲ್ ಉಜ್ಜಿ ಪೇಪರಿನ ಮೇಲೆ ಗೂಳಿ ಎಬ್ಬಿಸುತ್ತಾರೆ.

ಸ್ಮರಣಾರ್ಥ ನಾಣ್ಯಗಳ ದಾರಿ ಬೇರೆಯಾಯಿತು. 1964ರಲ್ಲಿ ನೆಹರೂ ನಾಣ್ಯದಿಂದ ಶುರುವಾದ ಸರಣಿ ಅದು. ಅಲ್ಲಿಂದ ಇಲ್ಲಿಯವರೆಗೆ ಜಾಸ್ತಿ ಪಾಲು ಮೂರೇ ಬಗೆ: ಒಬ್ಬರ ಮುಖ, ಒಂದು ಕಟ್ಟಡ, ಒಂದು ಲೋಗೋ. ಸಂಸ್ಥೆಗೆ ಐವತ್ತಾಯಿತು, ನಾಣ್ಯ. ಇಲಾಖೆಗೆ ನೂರಾಯಿತು, ನಾಣ್ಯ. ಲೆಟರ್‌ಹೆಡ್ಡಿನಲ್ಲಿ ಇರುವುದನ್ನೇ ಬೆಳ್ಳಿಯ ಮೇಲೆ ಒತ್ತಿದರೆ ಅದನ್ನು ಯಾರು ಎಷ್ಟು ಹೊತ್ತು ನೋಡುತ್ತಾರೆ?

ಪುರಾಣ, ದೇವರು ಬಂದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 2010ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಸ್ಥಾನಕ್ಕೆ ಸಾವಿರ ವರ್ಷವಾಯಿತು, ಅದರ ನೆನಪಿಗೆ ಸಾವಿರ ರೂಪಾಯಿಯ ನಾಣ್ಯ ತಂದಿರಿ. ಆಮೇಲೆ ವೈಷ್ಣೋದೇವಿ ಬಂತು, ಅದು ದೇವಸ್ಥಾನದ ಮಂಡಳಿಗೆ ಇಪ್ಪತ್ತೈದು ತುಂಬಿದ ನೆಪದಲ್ಲಿ. ದೇವರು ಬರಬೇಕಾದರೂ ವಾರ್ಷಿಕೋತ್ಸವದ ಬಾಗಿಲಿಂದಲೇ ಬರಬೇಕು ಅನ್ನುವ ಹಾಗಾಗಿದೆ. ಒಂದು ಕಥೆ ಚೆನ್ನಾಗಿದೆ, ಒಂದು ಶಿಲ್ಪ ಚೆನ್ನಾಗಿದೆ, ಅದು ದುಂಡಗಿನ ಬಿಲ್ಲೆಯಲ್ಲಿ ಚೆನ್ನಾಗಿ ಕೂರುತ್ತದೆ ಅನ್ನುವುದು ನಾಣ್ಯ ತರಲು ಸಾಕಾಗುವ ಕಾರಣ ಅಲ್ವಾ?

ನಮ್ಮ ನೆಲದಲ್ಲಿ ಅದು ಸಾಕಾಗುತ್ತಿತ್ತು, ಬಹಳ ಹಿಂದಿನಿಂದ. ಅಫ್ಘಾನಿಸ್ತಾನದ ಐ ಖಾನುಂ ಎಂಬಲ್ಲಿ 1970ರಲ್ಲಿ ಫ್ರೆಂಚ್ ಉತ್ಖನನಕಾರರಿಗೆ ಚೌಕಾಕಾರದ ಬೆಳ್ಳಿ ನಾಣ್ಯಗಳು ಸಿಕ್ಕವು. ಹೊರಡಿಸಿದವನು ಅಗಾಥೋಕ್ಲಿಸ್ ಎಂಬ ಗ್ರೀಕ್ ರಾಜ. ಕಾಲ ಸುಮಾರು 2,200 ವರ್ಷ ಹಿಂದೆ. ಒಂದು ಬದಿ ನೇಗಿಲು ಹಿಡಿದ ಸಂಕರ್ಷಣ, ಗ್ರೀಕ್ ಅಕ್ಷರ. ಇನ್ನೊಂದು ಬದಿ ಚಕ್ರ ಹಿಡಿದ ವಾಸುದೇವ, ಬ್ರಾಹ್ಮಿ ಅಕ್ಷರ. ಅಂದರೆ ಬಲರಾಮ ಮತ್ತು ಕೃಷ್ಣ. ನಮಗೆ ಸಿಕ್ಕಿರುವ ಇವರ ಅತಿ ಹಳೆಯ ಚಿತ್ರಗಳಲ್ಲಿ ಇವೂ ಸೇರಿವೆ. ಗುಡಿಯ ಗೋಡೆಯಲ್ಲಲ್ಲ, ನಾಣ್ಯದ ಮೇಲೆ!

ಗುಪ್ತರದ್ದಂತೂ ಹೇಳುವುದೇ ಬೇಡ. ಸಮುದ್ರಗುಪ್ತ ಕಾಲು ಮಡಚಿ ಕೂತು ವೀಣೆ ನುಡಿಸುತ್ತಾನೆ. ಕುಮಾರಗುಪ್ತ ನವಿಲಿಗೆ ಹಣ್ಣು ತಿನ್ನಿಸುತ್ತಾನೆ, ನಾಣ್ಯ ತಿರುಗಿಸಿದರೆ ಅದೇ ನವಿಲಿನ ಮೇಲೆ ಕಾರ್ತಿಕೇಯ ಕೂತಿದ್ದಾನೆ. ರಾಜನ ಹೆಸರು ಕುಮಾರ, ದೇವರ ಹೆಸರೂ ಕುಮಾರ. ಇಂಥ ಜಾಣತನ ಲೋಗೋ ಮಾಡುವವರಿಗೆ ಹೊಳೆಯುತ್ತದೆಯೇ?

ವಿಜಯನಗರದವರು ಈ ವಿದ್ಯೆಯನ್ನು ಬೆರಳ ತುದಿಯಷ್ಟು ಚಿನ್ನಕ್ಕೆ ಇಳಿಸಿದರು. ಹರಿಹರ, ಬುಕ್ಕರ ಕಾಲಕ್ಕೆ ಹನುಮಂತ. ಆಮೇಲೆ ಉಮಾಮಹೇಶ್ವರ, ಲಕ್ಷ್ಮೀನಾರಾಯಣ. ಕೃಷ್ಣದೇವರಾಯನ ಕಾಲಕ್ಕೆ ಬಾಲಕೃಷ್ಣ. ಹಿಂದೆ ಕೆಲವರು ಆ ಮೂರ್ತಿಯನ್ನು ದುರ್ಗೆ ಎಂದುಕೊಂಡು ಅದಕ್ಕೆ ದುರ್ಗಿ ವರಹ ಎಂದು ಹೆಸರಿಟ್ಟಿದ್ದರು. ಅಷ್ಟು ಚಿಕ್ಕದರಲ್ಲಿ ಗುರುತು ಹಿಡಿಯುವುದು ಕಷ್ಟವೇ ಬಿಡಿ. ಇದಕ್ಕೂ ಹಿಂದೆ ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡು ಗೆದ್ದು, ಚಿನ್ನದ ನಾಣ್ಯದ ಒಂದು ಬದಿಗೆ ಸಿಂಹ ಹಾಕಿಸಿ, ಇನ್ನೊಂದು ಬದಿಗೆ ಕನ್ನಡದಲ್ಲೇ 'ಶ್ರೀ ತಳಕಾಡುಗೊಂಡ' ಎಂದು ಬರೆಸಿದ. ನಾಣ್ಯದ ಮೇಲೆ ಕನ್ನಡ ಹಿಡಿಸುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಈ ಮಾತು ನಿಮ್ಮ ಕಿವಿಯಲ್ಲಿ ಇರಲಿ ಅಂತ ಸುಮ್ನೆ ಹೇಳಿದೆ.

ನಮ್ಮೂರಿನ ಕಥೆ ಹೇಳದೆ ಹೋದರೆ ತಪ್ಪಾದೀತು. ಸಾಗರದಿಂದ ಇಕ್ಕೇರಿ ಕೂಗಳತೆ ದೂರ. ಇಕ್ಕೇರಿ ವರಹ ಅಂದರೆ ಒಂದು ಕಾಲಕ್ಕೆ ಘಟ್ಟದ ಮೇಲೂ ಕೆಳಗೂ ನಡೆಯುತ್ತಿದ್ದ ನಾಣ್ಯ. ಅದರ ಮೇಲೆ ಕೂತ ಶಿವ ಪಾರ್ವತಿ. 1763ರಲ್ಲಿ ಹೈದರಾಲಿ ಇಕ್ಕೇರಿ ಅರಸರ ಆಗಿನ ರಾಜಧಾನಿ ಬಿದನೂರನ್ನು ಗೆದ್ದ. ರಾಜ್ಯ ಹೋಯಿತು, ಖಜಾನೆ ಹೋಯಿತು. ನಾಣ್ಯದ ಮೇಲಿನ ಶಿವ ಪಾರ್ವತಿ ಮಾತ್ರ ಹೋಗಲಿಲ್ಲ. ಹೈದರ್ ಹೊರಡಿಸಿದ ಬಹಾದ್ದೂರಿ ವರಹದ ಒಂದು ಬದಿಯಲ್ಲಿ ಅದೇ ದಂಪತಿ, ಇನ್ನೊಂದು ಬದಿಯಲ್ಲಿ ಪರ್ಷಿಯನ್ ಲಿಪಿಯಲ್ಲಿ ಅವನ ಹೆಸರಿನ ಮೊದಲ ಅಕ್ಷರ. ಸಂತೆಯಲ್ಲಿ ಜನ ನಂಬಿದ ನಾಣ್ಯವನ್ನು ಕೆಡಿಸಬಾರದು ಎನ್ನುವ ವ್ಯವಹಾರಬುದ್ಧಿ ಅದರಲ್ಲಿ ಇದ್ದೇ ಇತ್ತು. ಅದಕ್ಕೂ ಹಿಂದೆ, 1604ರ ಸುಮಾರಿಗೆ, ಅಕ್ಬರ್ ತನ್ನ ಕೊನೆಗಾಲದಲ್ಲಿ ಬಿಲ್ಲು ಹಿಡಿದ ರಾಮ, ಹಿಂದೆ ಸೀತೆ ಇರುವ ನಾಣ್ಯ ಹಾಕಿಸಿದ್ದ. ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯವರೂ ವರಹದ ಮೇಲೆ ಗೋಪುರ, ವಿಷ್ಣು ಹಾಕಿಸಿದರು.

ಕಂಪನಿಯ ಹೆಸರು ಬಂತಲ್ಲ, ಓದುಗರಿಗೆ ಒಂದು ಎಚ್ಚರಿಕೆ. ಹನುಮಂತ ಅಥವಾ ರಾಮನ ಪರಿವಾರ ಇರುವ, 'ಈಸ್ಟ್ ಇಂಡಿಯಾ ಕಂಪನಿ 1818' ಎಂದು ಬರೆದ ತಾಮ್ರದ ಬಿಲ್ಲೆ ತೋರಿಸಿ ಯಾರಾದರೂ ಲಕ್ಷ ಕೇಳಿದರೆ ಬಾಗಿಲು ಹಾಕಿಕೊಳ್ಳಿ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ಇದಕ್ಕೆ ಶಕ್ತಿಯಿದೆ, ಅಕ್ಕಿ ಕಾಳನ್ನೇ ಎಳೆಯುತ್ತದೆ, ರೈಸ್ ಪುಲ್ಲಿಂಗ್ ಅಂತ ಊರೂರಲ್ಲಿ ಟೋಪಿ ಹಾಕುವವರ ಸರಕು ಅದು. ಅಧಿಕಾರಿಗಳಿಗೂ ಇದರಲ್ಲಿ ಒಂದು ಪಾಠವಿದೆ. ದೇವರ ಚಿತ್ರ ಇರುವ ಒಳ್ಳೆಯ ನಾಣ್ಯಕ್ಕೆ ಜನ ಎಷ್ಟು ಹಸಿದಿದ್ದಾರೆ ಅಂದರೆ ನಕಲಿಗೂ ಬಲಿಯಾಗುತ್ತಾರೆ. ಅಕ್ಷಯ ತೃತೀಯಕ್ಕೆ, ವರಮಹಾಲಕ್ಷ್ಮಿ ಹಬ್ಬಕ್ಕೆ ಆಭರಣದ ಅಂಗಡಿಯಲ್ಲಿ ಬೆಳ್ಳಿ ಲಕ್ಷ್ಮಿಗೆ ಕ್ಯೂ ನಿಲ್ಲುವುದನ್ನು ನೋಡಿದ್ದೀರಲ್ಲ. ಆ ಲಕ್ಷ್ಮಿಯ ಮುಖ ಎಷ್ಟೋ ಸಲ ಕರಗಿದ ಹಾಗಿರುತ್ತದೆ. ಕಮಲ ಯಾವುದು ಕೈ ಯಾವುದು ತಿಳಿಯದು. ಈ ಬೇಡಿಕೆಯನ್ನು ಬ್ರಿಟನ್ನಿನ ರಾಯಲ್ ಮಿಂಟ್ ಕಂಡುಕೊಂಡು, 2021ರ ದೀಪಾವಳಿಗೆ 20 ಗ್ರಾಂ ಚಿನ್ನದ ಗಟ್ಟಿಯ ಮೇಲೆ ಲಕ್ಷ್ಮಿಯನ್ನು ತಂದಿತು. ವಿನ್ಯಾಸ ಮಾಡಿದವರು ಎಮ್ಮಾ ನೋಬಲ್. ನೋಡಿ, ಅವರ ಹೆಸರು ಸಾಗರದಲ್ಲಿ ಕೂತ ನನಗೆ ಗೊತ್ತು. ನಮ್ಮ 75 ರೂಪಾಯಿಯನ್ನು ಬಿಡಿಸಿದವರು ಯಾರು? ನಾಣ್ಯ ತಿರುಗಿಸಿ ನೋಡಿದರೆ ಎಲ್ಲೂ ಇಲ್ಲ.

ಈ ಹೆಸರಿನ ವಿಷಯದ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಸಿಸಿಲಿ ದ್ವೀಪದ ಸಿರಾಕ್ಯೂಸ್ ಎಂಬ ಗ್ರೀಕ್ ಪಟ್ಟಣ. ಕ್ರಿಸ್ತಪೂರ್ವ 400ರ ಆಸುಪಾಸು. ಅಲ್ಲಿಯ ನಾಣ್ಯದ ಮೇಲೆ ಅರೆಥೂಸಾ. ನದಿದೇವತೆ ಅಲ್ಫಿಯಸ್ ಬೆನ್ನಟ್ಟಿದಾಗ ನೀರಾಗಿ ಕರಗಿ, ಸಮುದ್ರದಡಿ ಹರಿದು ಬಂದು, ಸಿರಾಕ್ಯೂಸಿನಲ್ಲಿ ಸಿಹಿನೀರಿನ ಊಟೆಯಾಗಿ ಚಿಮ್ಮಿದವಳು ಎಂದು ಅವರ ಕಥೆ. ಆ ಊಟೆ ಇವತ್ತೂ ಇದೆ. ನಾಣ್ಯದಲ್ಲಿ ಅವಳ ಕೂದಲು ನೀರಿನಲ್ಲಿ ತೇಲುವ ಹಾಗೆ ಹರಡಿದೆ, ಸುತ್ತ ಡಾಲ್ಫಿನ್‌ಗಳು ಈಜುತ್ತಿವೆ. ಕಥೆ ಗೊತ್ತಿಲ್ಲದವನಿಗೂ ಇದು ನೀರಿನ ಹೆಣ್ಣು ಅನ್ನಿಸುತ್ತದೆ. ಅವಳ ಹಣೆಪಟ್ಟಿಯ ಮೇಲೆ, ಕಣ್ಣಿಟ್ಟು ನೋಡಿದರೆ ಮಾತ್ರ ಕಾಣುವಷ್ಟು ಸಣ್ಣ ಅಕ್ಷರದಲ್ಲಿ, ಕೆತ್ತಿದವನ ಹೆಸರಿದೆ. ಕಿಮೋನ್. ಅವನ ಜೊತೆಗಾರ ಯುಐನೆಟೋಸ್ ಕೂಡ ಸಹಿ ಹಾಕುತ್ತಿದ್ದ. ಆಗ ಸಿರಾಕ್ಯೂಸನ್ನು ಆಳುತ್ತಿದ್ದದ್ದು ಒಬ್ಬ ಸರ್ವಾಧಿಕಾರಿ. ಅವನ ಕಾಲದಲ್ಲೂ ಕೆತ್ತುವವನಿಗೆ ತನ್ನ ಹೆಸರಿಡುವ ಜಾಗ ಸಿಕ್ಕಿತ್ತು.

ಇದು ಗ್ರೀಕರ ಸೊತ್ತೇನೂ ಅಲ್ಲ. ಬೇಲೂರಿನ ಮದನಿಕೆಯರ ಪೀಠಗಳನ್ನು ನೋಡಿ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಹೆಸರು ಕೆತ್ತಿಟ್ಟು ಹೋಗಿದ್ದಾರೆ. ಬಳ್ಳಿಗಾವಿ ನಮ್ಮ ಜಿಲ್ಲೆಯದೇ, ಶಿಕಾರಿಪುರ ತಾಲ್ಲೂಕು. ಹೇಳಿಕೊಳ್ಳಲು ನಮಗೆ ಹೆಮ್ಮೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಮತ್ತೆ ಮತ್ತೆ ಸಹಿ ಹಾಕಿದ್ದಾನೆ. ಒಂಬೈನೂರು ವರ್ಷದ ಹಿಂದೆ ಕನ್ನಡ ನಾಡಿನ ಶಿಲ್ಪಿಗೆ ಇದ್ದ ಮರ್ಯಾದೆ ಇವತ್ತಿನ ನಾಣ್ಯಶಿಲ್ಪಿಗೆ ಇಲ್ಲ. ಅಯೋಧ್ಯೆಯ ಬಾಲರಾಮನನ್ನು ಕಡೆದವರು ಮೈಸೂರಿನ ಅರುಣ್ ಯೋಗಿರಾಜ್ ಎಂದು ಬೀದಿ ಬದಿಯ ಹೋಟೆಲಿನಲ್ಲಿ ಕೇಳಿದರೂ ಹೇಳುತ್ತಾರೆ. ಹೆಸರು ಗೊತ್ತಾದ ಮೇಲೆ ಜನ ಕೆಲಸವನ್ನೂ ಹತ್ತಿರದಿಂದ ನೋಡತೊಡಗಿದರು.

ನಿಮ್ಮ ಟಂಕಸಾಲೆಗಳಲ್ಲೂ ಈ ರೂಢಿ ಇತ್ತು. ರಾಣಿ ವಿಕ್ಟೋರಿಯಾಳ 1840ರ ಬೆಳ್ಳಿ ರೂಪಾಯಿ ತೆಗೆದು ಕತ್ತಿನ ಕೆಳಗಿನ ಅಂಚು ನೋಡಿ. ಎಷ್ಟೋ ರೂಪಾಯಿಗಳಲ್ಲಿ 'ಡಬ್ಲ್ಯೂ. ಡಬ್ಲ್ಯೂ.' ಎಂದಿದೆ. ಕೆತ್ತಿದ ವಿಲಿಯಂ ವಯನ್ ಹೆಸರಿನ ಮೊದಲಕ್ಷರಗಳು. ಹಳೆ ರೂಪಾಯಿ ಮಾರುವವರು ಇವತ್ತಿಗೂ ಮೊದಲು ಕತ್ತು ನೋಡುತ್ತಾರೆ, ಅಕ್ಷರ ಉಬ್ಬಿದೆಯೋ ತಗ್ಗಿದೆಯೋ ಎಂದು. ಇದೇ ವಯನ್ 1839ರಲ್ಲಿ ಐದು ಪೌಂಡಿನ ಚಿನ್ನದ ನಾಣ್ಯವೊಂದನ್ನು ಕೆತ್ತಿದ. ಹಳೆಯ ಇಂಗ್ಲಿಷ್ ಕಾವ್ಯವೊಂದರಲ್ಲಿ ಬರುವ ಉನಾ ಎಂಬ ಕನ್ಯೆಯಾಗಿ ಎಳೆ ರಾಣಿ ನಡೆಯುತ್ತಾಳೆ, ಪಕ್ಕದಲ್ಲಿ ಸಿಂಹ. ಸಿಂಹಾಸನದ ಮೇಲೆ ಕೂತ ರಾಣಿಯ ಚಿತ್ರ ಎಷ್ಟು ಬಂದವೋ, ಸಂಗ್ರಾಹಕರು ಕನಸು ಕಾಣುವುದು ಮಾತ್ರ ಈ ನಡೆಯುವ ಹುಡುಗಿಯದನ್ನೇ. 2019ರಲ್ಲಿ ರಾಯಲ್ ಮಿಂಟ್ ಅದೇ ಚಿತ್ರವನ್ನು ಹೊಸದಾಗಿ ಹೊರಡಿಸಿತು.

ಸರ್ಕಾರದ ನಾಣ್ಯ ಅಂದರೆ ಹೀಗೇ ಇರಬೇಕು, ನಾವೇನು ಮಾಡೋಣ ಎಂದು ನಿಮ್ಮಲ್ಲಿ ಯಾರಾದರೂ ಹೇಳಬಹುದು. ಅಮೆರಿಕದಲ್ಲೂ ಹಾಗೇ ಅಂದಿದ್ದರು. 1904ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ತನ್ನ ಖಜಾನೆ ಕಾರ್ಯದರ್ಶಿಗೆ ಪತ್ರ ಬರೆದು, ನಮ್ಮ ನಾಣ್ಯಗಳು ವಿಕಾರವಾಗಿವೆ ಎಂದು ದೂರಿದ. ಪ್ರಾಚೀನ ಗ್ರೀಕ್ ನಾಣ್ಯಗಳನ್ನು ಕಂಡು ಮರುಳಾಗಿದ್ದವನು ಅವನು. ಟಂಕಸಾಲೆಯ ನೌಕರರನ್ನು ಬಿಟ್ಟು, ಹೊರಗಿನ ಶಿಲ್ಪಿ ಆಗಸ್ಟಸ್ ಸೇಂಟ್ ಗಾಡೆನ್ಸ್‌ಗೆ ಕೆಲಸ ವಹಿಸಿದ. ಬಂದದ್ದು 1907ರ 20 ಡಾಲರ್ ಚಿನ್ನದ ನಾಣ್ಯ. ಸೂರ್ಯನ ಕಿರಣಗಳ ಮುಂದೆ, ಪಂಜು ಹಿಡಿದು, ಗಾಳಿಗೆ ಸೀರೆಯಂಥ ಉಡುಗೆ ಹಾರಿಸುತ್ತಾ ನೇರ ನಮ್ಮೆಡೆಗೆ ಬರುವ ಹೆಣ್ಣು. ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ಗ್ರೀಕರ ವಿಜಯದೇವತೆಯ ಪ್ರತಿಮೆಯ ನೆನಪು ಅವಳಲ್ಲಿದೆ.

ಟಂಕಸಾಲೆಯ ಮುಖ್ಯ ಕೆತ್ತನೆಗಾರ ಚಾರ್ಲ್ಸ್ ಬಾರ್ಬರ್ ಆಗುವುದಿಲ್ಲ ಎಂದು ಕೂತ. ಉಬ್ಬು ತುಂಬಾ ಎತ್ತರ, ಪ್ರೆಸ್ಸಿನಲ್ಲಿ ಒಂದೇ ಏಟಿಗೆ ಮೂಡುವುದಿಲ್ಲ ಎಂದ. ಅವನ ಮಾತು ಸುಳ್ಳಲ್ಲ. ಮೊದಲ ಮಾದರಿಗಳಿಗೆ ಒಂಬತ್ತು ಏಟಿನವರೆಗೂ ಬೇಕಾಯಿತು. ಕೊನೆಗೆ ಉಬ್ಬು ಇಳಿಸಿಯೇ ಚಲಾವಣೆಗೆ ಬಿಟ್ಟರು. ಅಷ್ಟರಲ್ಲಿ ಶಿಲ್ಪಿ ತೀರಿಕೊಂಡಿದ್ದ. ಆದರೆ ಬಾರ್ಬರ್‌ನ ತಕರಾರು ಚಲಾವಣೆ ನಾಣ್ಯಕ್ಕೆ ಸರಿ. ಅದು ಒಂದರ ಮೇಲೊಂದು ನಿಲ್ಲಬೇಕು, ದಿನಕ್ಕೆ ಲಕ್ಷಗಟ್ಟಲೆ ಒತ್ತಬೇಕು, ಜೇಬಿನಲ್ಲಿ ಸವೆಯಬಾರದು. ನೀವು ಸಂಗ್ರಾಹಕರಿಗೆಂದೇ ವಿಶೇಷವಾಗಿ ಒತ್ತಿ, ಡಬ್ಬಿಯಲ್ಲಿಟ್ಟು ಮಾರುವ ಪ್ರೂಫ್ ನಾಣ್ಯಕ್ಕೆ ಇದ್ಯಾವುದೂ ಅನ್ವಯಿಸದು. ಪ್ರೂಫನ್ನು ಹೇಗೂ ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಇನ್ನೆರಡು ಏಟು ಜಾಸ್ತಿ ಹಾಕಿ. ಬೆಲೆ ಸ್ವಲ್ಪ ಏರಿದರೆ ಕೊಡುವವರು ನಾವು.

ಸೇಂಟ್ ಗಾಡೆನ್ಸ್ ಇನ್ನೊಂದು ಉಪಾಯ ಮಾಡಿದ್ದ. ಮುಖದ ಮೇಲೆ ಅಕ್ಷರ ತುಂಬಿದರೆ ಚಿತ್ರ ಉಸಿರು ಕಟ್ಟುತ್ತದೆ ಎಂದು ದೇಶದ ಧ್ಯೇಯವಾಕ್ಯವನ್ನು ನಾಣ್ಯದ ದಪ್ಪ ಅಂಚಿಗೆ ಸಾಗಿಸಿದ. ನಮ್ಮ ಸ್ಮರಣಾರ್ಥ ನಾಣ್ಯಗಳಲ್ಲಿ ಸಿಂಹಮುದ್ರೆ, ದೇಶದ ಹೆಸರು, ಬೆಲೆ ಮುಂಬದಿಯಲ್ಲಿ ಇರುವುದು ರೂಢಿ. ಇರಲಿ. ಹಿಂಬದಿಯನ್ನಾದರೂ ಚಿತ್ರಕ್ಕೆ ಪೂರ್ತಿ ಬಿಟ್ಟುಕೊಡಿ. ಸಂದರ್ಭ, ಸಂಸ್ಥೆ, ಇಸವಿ ಎಲ್ಲ ಅಂಚಿಗೆ ಹೋಗಲಿ. ಈಗಿನ ಎರಡು ಯೂರೋ ನಾಣ್ಯದ ಅಂಚಿನಲ್ಲೂ ಬರಹ ಇದೆ, ಅದೂ ದಿನನಿತ್ಯ ಓಡಾಡುವ ನಾಣ್ಯ.

ಯೂರೋ ಅಂದಾಗ ನೆನಪಾಯಿತು. ಗ್ರೀಸ್ ದೇಶ ತನ್ನ ಒಂದು ಯೂರೋ ಮೇಲೆ ಪ್ರಾಚೀನ ಅಥೆನ್ಸಿನ ಗೂಬೆ ನಾಣ್ಯವನ್ನೇ ಹಾಕಿಕೊಂಡಿದೆ. ಅಥೀನಾ ದೇವಿಯ ಗೂಬೆ. ಎರಡು ಯೂರೋ ಮೇಲೆ ಗೂಳಿಯ ರೂಪದಲ್ಲಿ ಬಂದ ಗ್ರೀಕರ ದೇವರಾಜ ಜೀಯಸ್ ರಾಜಕುಮಾರಿ ಯೂರೋಪಾಳನ್ನು ಹೊತ್ತೊಯ್ಯುವ ಚಿತ್ರ, ಸ್ಪಾರ್ಟಾದ ಹಳೆಯ ಮೊಸಾಯಿಕ್‌ನಿಂದ ತೆಗೆದದ್ದು. ಇಟಲಿಯ 10 ಸೆಂಟ್ ಮೇಲೆ ಚಿತ್ರಕಾರ ಬೊಟ್ಟಿಚೆಲ್ಲಿ ಬರೆದ ಪ್ರೇಮದೇವತೆ ವೀನಸ್ ಮುಖ. ಇಟಲಿಯವರು ಹೆಚ್ಚಿನ ವಿನ್ಯಾಸಗಳನ್ನು ಟಿವಿಯಲ್ಲಿ ತೋರಿಸಿ, ಜನರ ವೋಟಿನಿಂದ ಆರಿಸಿದರು. ಚಿಲ್ಲರೆ ಕಾಸಿನ ಮೇಲೇ ಇಷ್ಟು ಮಾಡಬಹುದಾದರೆ ಸಂಗ್ರಹಕ್ಕೆಂದೇ ಮಾಡುವ ನಾಣ್ಯಕ್ಕೆ ಏನಡ್ಡಿ?

ಅಡ್ಡಿ ಏನೆಂದು ನನಗೂ ಗೊತ್ತು. ಗ್ರೀಕರ ದೇವರಿಗೆ ಈಗ ಪೂಜೆಯಿಲ್ಲ, ನಮ್ಮ ದೇವರಿಗೆ ಇದೆ. ಸರ್ಕಾರದ ನಾಣ್ಯದ ಮೇಲೆ ಒಂದು ಧರ್ಮದ ದೇವರು ಬಂದರೆ ಪ್ರಶ್ನೆ ಏಳುತ್ತದೆ. ಎದ್ದಿದೆ ಕೂಡ. ಬೃಹದೀಶ್ವರ, ವೈಷ್ಣೋದೇವಿ ನಾಣ್ಯಗಳನ್ನು ವಾಪಸ್ ಪಡೆಯಬೇಕು ಎಂದು ಹಾಕಿದ್ದ ಅರ್ಜಿಯನ್ನು ದೆಹಲಿ ಹೈಕೋರ್ಟ್ 2018ರಲ್ಲಿ ವಜಾ ಮಾಡಿತು. ಕೋರ್ಟು ಸರಿ ಎಂದಿತು ಅಂತ ಪ್ರಶ್ನೆ ಮುಗಿಯುವುದಿಲ್ಲ, ಒಪ್ಪುತ್ತೇನೆ. ನನ್ನ ಉತ್ತರ ಇಷ್ಟೇ. ದೇವಸ್ಥಾನ ಮಂಡಳಿಯ ಉತ್ಸವಕ್ಕೆ ನಾಣ್ಯ ತಂದರೆ ಅದು ಭಕ್ತರ ನಾಣ್ಯ. ಒಂದು ಶಿಲ್ಪವನ್ನು ಶಿಲ್ಪ ಎಂದೇ ತಂದರೆ ಅದು ಎಲ್ಲರದು. ಹಂಪಿಯ ಕಲ್ಲಿನ ರಥ 50 ರೂಪಾಯಿ ನೋಟಿನ ಮೇಲಿದೆ. ಅದು ಗರುಡನ ಗುಡಿ. ಕೋನಾರ್ಕದ ಚಕ್ರ 10 ರೂಪಾಯಿ ನೋಟಿನ ಮೇಲಿದೆ. ಅದು ಸೂರ್ಯನ ರಥದ್ದು. ಸಾಂಚಿ 200ರ ಮೇಲಿದೆ. ನಾಟಿ ಕೋಳಿ ಅಂಗಡಿಯಿಂದ ಮಸೀದಿಯ ಹುಂಡಿಯವರೆಗೂ ಈ ನೋಟುಗಳು ಓಡಾಡುತ್ತಿವೆ, ಯಾರೂ ತಕರಾರು ತೆಗೆದಿಲ್ಲ.

ದೇವರು ಕಾಲಿಗೆ ಸಿಗಬಾರದು ಎನ್ನುವ ಹಿರಿಯರೂ ಇದ್ದಾರೆ. ನಮ್ಮ ಮನೆಯಲ್ಲೇ ಇದ್ದಾರೆ. ಚಲಾವಣೆಗೆ ಬಾರದ, ವೆಲ್ವೆಟ್ ಡಬ್ಬಿಯಿಂದ ಹೊರಗೇ ಬಾರದ ನಾಣ್ಯಕ್ಕೆ ಆ ಭಯ ಬೇಡ.

ಏನನ್ನು ಹಾಕಬಹುದು? ಎರಡೇ ಹೇಳುತ್ತೇನೆ, ಉಳಿದದ್ದು ಶಿಲ್ಪಿಗಳಿಗೆ ಬಿಟ್ಟದ್ದು.

ಒಂದು, ಹಳೇಬೀಡಿನ ಗಜಾಸುರ ಸಂಹಾರ. ಶಿವ ಆನೆಯ ರೂಪದ ಅಸುರನನ್ನು ಕೊಂದು, ಅದರ ಚರ್ಮವನ್ನು ಎತ್ತಿ ಹಿಡಿದು ಕುಣಿಯುತ್ತಾನೆ. ಕಾಲ ಕೆಳಗೆ ಆನೆಯ ತಲೆ. ಹತ್ತಾರು ಕೈ, ಒಂದೊಂದರಲ್ಲಿ ಒಂದೊಂದು ಆಯುಧ. ಬಿಡಿಸಿದ ಆನೆಯ ಚರ್ಮ ಅವನ ಸುತ್ತ ದುಂಡಗೆ ಪ್ರಭಾವಳಿಯಾಗಿ ನಿಂತಿದೆ. ಡ್ರಾಯಿಂಗ್ ಮೇಷ್ಟ್ರ ಕಣ್ಣಿಗೆ ಇದು ಹಬ್ಬ. ಯಾಕೆಂದರೆ ದುಂಡಗಿನ ಜಾಗದಲ್ಲಿ ನಿಂತ ಮನುಷ್ಯನನ್ನು ಕೂರಿಸುವುದು ಬಲು ಕಷ್ಟ. ಎರಡೂ ಪಕ್ಕ ಖಾಲಿ ಉಳಿಯುತ್ತದೆ, ಆಮೇಲೆ ಅಲ್ಲಿ ಬಳ್ಳಿ ತುಂಬಬೇಕು, ಇಲ್ಲವೇ ಅಕ್ಷರ ತುಂಬಬೇಕು. ಹೊಯ್ಸಳ ಶಿಲ್ಪಿ ಆ ಕಷ್ಟವನ್ನು ಕಥೆಯೊಳಗಿಂದಲೇ ಬಗೆಹರಿಸಿದ್ದಾನೆ. ಆನೆಯ ಚರ್ಮವೇ ನಾಣ್ಯದ ಅಂಚು. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ನೆಪ ಬೇಕೇ ಬೇಕು ಅಂತಿದ್ದರೆ ಅದೂ ಇದೆ, ತಗೊಳ್ಳಿ.

ಇನ್ನೊಂದು ಪುರಾಣದ್ದಲ್ಲ, ಆದರೂ ನನ್ನ ಪಟ್ಟಿಯಲ್ಲಿ ಮೊದಲು ನಿಲ್ಲುವಂಥದು. ಕಲಬುರಗಿ ಜಿಲ್ಲೆಯ ಸನ್ನತಿ ಪಕ್ಕದ ಕನಗನಹಳ್ಳಿ. ಭೀಮಾ ತೀರದ ಬೌದ್ಧ ಸ್ತೂಪ. ಅಲ್ಲಿ ಸಿಕ್ಕ ಕಲ್ಲಿನ ಫಲಕದಲ್ಲಿ ರಾಜನೊಬ್ಬ ರಾಣಿಯ ಜೊತೆ ನಿಂತಿದ್ದಾನೆ, ಹಿಂದೆ ಕೊಡೆ, ಚಾಮರ ಹಿಡಿದ ಹೆಂಗಸರು. ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಎಂದು ಬರೆದಿದೆ. ಅಶೋಕ ಸತ್ತು ಬಹುಕಾಲದ ಮೇಲೆ ಕೆತ್ತಿದ್ದು, ಅವನ ಮುಖವನ್ನು ನೋಡಿ ಮಾಡಿದ್ದಲ್ಲ. ಆದರೂ ಹೆಸರು ಬರೆದು ಅವನನ್ನು ತೋರಿಸಿದ ಕಲ್ಲು ಅದು. ನಿಮ್ಮ ಪ್ರತಿ ನಾಣ್ಯದ ಮೇಲೂ ಅಶೋಕನ ಸಿಂಹ ಇದೆ. ಒಂದೇ ಒಂದು ಸಲ ಒಂದು ಬದಿ ಸಿಂಹ, ಇನ್ನೊಂದು ಬದಿ ಆ ಸಿಂಹ ಮಾಡಿಸಿದವನನ್ನು ಹಾಕಿ ನೋಡಿ. ದೇಶದ ಯಾವ ಮೂಲೆಯ ಸಂಗ್ರಾಹಕನೂ ಇದನ್ನು ಬಿಡುವುದಿಲ್ಲ.

ಎಲ್ಲ ಪ್ರಯೋಗವೂ ಗೆಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. 2007ರಿಂದ ಕೆಲವು ವರ್ಷ ನೀವು ನೃತ್ಯದ ಹಸ್ತಮುದ್ರೆಗಳನ್ನು ಚಲಾವಣೆ ನಾಣ್ಯಕ್ಕೆ ತಂದಿರಿ. 50 ಪೈಸೆಗೆ ಮುಷ್ಟಿ, ಒಂದು ರೂಪಾಯಿಗೆ ಎತ್ತಿದ ಹೆಬ್ಬೆರಳು, ಎರಡಕ್ಕೆ ಎರಡು ಬೆರಳು. ಯೋಚನೆ ಚೆನ್ನಾಗಿತ್ತು. ಆದರೆ ನರ್ತಕಿಯನ್ನು ಬಿಟ್ಟು ಬರೀ ಕೈ ಕತ್ತರಿಸಿ ತಂದದ್ದರಿಂದ ಜನರಿಗೆ ಅದು ನೃತ್ಯ ಅಂತಲೇ ಅನ್ನಿಸಲಿಲ್ಲ. ನಮ್ಮ ಕಡೆ ಹುಡುಗರು ಎರಡು ರೂಪಾಯಿ ತೋರಿಸಿ 'ಸಾರ್, ಎರಡಕ್ಕೆ ಹೋಗಿ ಬರ್ತೀನಿ' ಎಂದು ನಗುತ್ತಿದ್ದರು. ಆ ಕೈಗೆ ಒಂದು ಮೈ, ಆ ಮೈಗೆ ಒಂದು ಕಥೆ ಕೊಟ್ಟಿದ್ದರೆ ಕಥೆಯೇ ಬೇರೆಯಾಗುತ್ತಿತ್ತು.

ಇನ್ನು ಮಾಡುವವರ ವಿಷಯ. ನಾಣ್ಯದ ಚಿತ್ರವನ್ನು ಮೊದಲು ದೊಡ್ಡದಾಗಿ ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪವಾಗಿ ಮಾಡಿ, ಆಮೇಲೆ ಯಂತ್ರದಲ್ಲಿ ಕುಗ್ಗಿಸಿ ಅಚ್ಚಿಗೆ ಇಳಿಸುವ ಪದ್ಧತಿ ಹಳೆಯದು. ಈಗ ಆ ಕುಗ್ಗಿಸುವ ಕೆಲಸ ಸ್ಕ್ಯಾನ್ ಮಾಡಿದರೆ ಆಗುತ್ತದೆ. ಅಂದರೆ ಒಳ್ಳೆಯ ಉಬ್ಬುಶಿಲ್ಪ ಕೆತ್ತಬಲ್ಲ ಯಾರೂ ನಾಣ್ಯಕ್ಕೆ ಮಾದರಿ ಕೊಡಬಹುದು. ಸಾಗರ, ಸೊರಬದ ಗುಡಿಗಾರರು ಶ್ರೀಗಂಧದ ಪೆಟ್ಟಿಗೆಯ ಮೇಲೆ ಮಾಡುವುದು ಇದೇ ಕೆಲಸ. ಅಂಗೈಯಗಲದ ಹಲಗೆಯಲ್ಲಿ ಇಡೀ ಗೀತೋಪದೇಶ, ಕುದುರೆಯ ಲಗಾಮಿನ ಸಮೇತ. ಉಬ್ಬು ಎಷ್ಟೆಂದರೆ ಬೆರಳಾಡಿಸಿದರೆ ತಿಳಿಯುತ್ತದೆ, ಮುಚ್ಚಳ ಹಾಕಿದರೆ ತಾಗುವುದಿಲ್ಲ. ನಿಮ್ಮ ಪ್ರೆಸ್ಸಿಗೆ ಬೇಕಾದ್ದು ಇಂಥ ಲೆಕ್ಕಾಚಾರವೇ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಕಲ್ಲು ಕೆತ್ತುವವರಿದ್ದಾರೆ, ಕೊಪ್ಪಳದ ಕಿನ್ನಾಳದಲ್ಲಿ ಮರ ಕೆತ್ತುವವರಿದ್ದಾರೆ. ಇಂಥ ಊರು ಒಂದೊಂದು ರಾಜ್ಯದಲ್ಲೂ ಇವೆ.

ಇವರಿಗೆ ತಲುಪುವ ಹಾಗೆ ಒಂದು ಬಹಿರಂಗ ಆಹ್ವಾನ ಹೊರಡಿಸಿ. ಪ್ರಕಟಣೆ ಬರೀ ಹಿಂದಿ, ಇಂಗ್ಲಿಷಿನಲ್ಲಿ ವೆಬ್‌ಸೈಟಿನ ಮೂಲೆಯಲ್ಲಿ ಬಿದ್ದಿದ್ದರೆ ಪ್ರಯೋಜನವಿಲ್ಲ. ಕನ್ನಡದಲ್ಲೂ ಇರಲಿ, ಎಲ್ಲ ಭಾಷೆಯಲ್ಲೂ ಇರಲಿ. ಕಂಪ್ಯೂಟರ್ ಫೈಲೇ ಬೇಕು ಎಂದು ಪಟ್ಟು ಹಿಡಿಯಬೇಡಿ. ಮರದ, ಪ್ಲಾಸ್ಟರಿನ, ಮಣ್ಣಿನ ಮಾದರಿಯನ್ನೂ ತೆಗೆದುಕೊಳ್ಳಿ. ಎಷ್ಟು ಅಗಲ, ಉಬ್ಬು ಎಷ್ಟು ಎತ್ತರ ಇರಬಹುದು, ಸಂಭಾವನೆ ಎಷ್ಟು ಎನ್ನುವುದನ್ನು ಮೊದಲೇ ಬರೆಯಿರಿ. ಕೊನೆ ಸುತ್ತಿಗೆ ಬಂದವನ್ನು ಜನರಿಗೆ ತೋರಿಸಿ. ಆರಿಸುವ ಸಮಿತಿಯಲ್ಲಿ ಅಧಿಕಾರಿಗಳು, ಇತಿಹಾಸಕಾರರ ಜೊತೆ ಕೈಯಲ್ಲಿ ಉಳಿ ಹಿಡಿದವರು ಇಬ್ಬರಾದರೂ ಇರಲಿ. ಗೆದ್ದವರ ಹೆಸರಿನ ಎರಡಕ್ಷರ ನಾಣ್ಯದ ಮೇಲೆ, ಪೂರ್ತಿ ಹೆಸರು ಡಬ್ಬಿಯೊಳಗಿನ ಕಾರ್ಡಿನ ಮೇಲೆ ಬರಲಿ.

2011ರ ನಾಣ್ಯ ಕಾಯ್ದೆಯ ಪ್ರಕಾರ ನಾಣ್ಯದ ವಿನ್ಯಾಸ ತೀರ್ಮಾನಿಸುವ ಅಧಿಕಾರ ಕೇಂದ್ರ ಸರ್ಕಾರದ್ದೇ. ಸಾವಿರ ರೂಪಾಯಿಯವರೆಗೆ ನಾಣ್ಯ ತರಲು ಅದರಲ್ಲಿ ಅವಕಾಶವಿದೆ. ಆದ್ದರಿಂದ ಹೊಸ ಕಾನೂನು ಬೇಕಾಗಿಲ್ಲ, ಒಂದು ಆದೇಶ ಸಾಕು. ಆಹ್ವಾನ ಹೊರಟ ದಿನ ಅದರ ಪ್ರತಿಯೊಂದನ್ನು ಸಾಗರದ ಗುಡಿಗಾರರ ಕೈಗೆ ಮುಟ್ಟಿಸುವ ಕೆಲಸವನ್ನು ನಾನೇ ಮಾಡುತ್ತೇನೆ. ಅರ್ಜಿ ತುಂಬಲು ಸಹಾಯ ಬೇಕೆಂದವರಿಗೆ ತುಂಬಿಯೂ ಕೊಡುತ್ತೇನೆ.

ಉತ್ತರದ ನಿರೀಕ್ಷೆಯಲ್ಲಿ,

ಸಾಗರದ ಒಬ್ಬ ನಾಣ್ಯ ಸಂಗ್ರಾಹಕ